ಗುರುತು ಹಾಕಿದ ಸಕ್ಕರೆ

ಹೈದರಾಬಾದ್
೨೧ ನವೆಂಬರ್ ೨೦೦೪

ಪ್ರೀತಿಯ ಲಲಿತಕ್ಕನಿಗೆ ಸಹನಾಳ ನಮಸ್ಕಾರಗಳು.

ಅಳವಂಡಿಯಿಂದ ನಿನ್ನ ಪತ್ರ ಬಂದು ತಿಂಗಳಾಯಿತು. ‘ಹೆರಿಗೆ ಆದಮ್ಯಾಲೆ ನನ್ನ ಹೃದಯ ಸೋತೈತಿ ಅಂತಾರ. ಗಂಡುಮಗು ಬೇಕಂತ ಅತ್ತಿ ಹಟ ಹಿಡದಾಳ. ಇನ್ನೊಂದು ಹಡಿಯಬಹುದೇನ? ಹೃದಯ ಓದಿದಾಕಿ ನೀನ ಹೇಳು’ ಎಂದು ಕೇಳಿದ್ದೆ. ತವರಿನಲ್ಲಿ ಕಾಯುತ್ತ ಕೂತಿರುವ ನಿನಗೆ ತಡಮಾಡಿ ಬರೆಯುತ್ತಿದ್ದೇನೆ, ಬೈಯಬೇಡ. ಮೊದಲು ಸುದ್ದಿ ಕೇಳು.

ನಮ್ಮ ಪ್ರಯೋಗ ಗೆದ್ದಿತಕ್ಕಾ! ಮೈಯಿಂದ ಹೊರತೆಗೆದ ಇಲಿಯ ಹೃದಯ, ದೊಡ್ಡ ಅಯಸ್ಕಾಂತದ ಹೊಟ್ಟೆಯೊಳಗೆ, ಗಾಜಿನ ಕೊಳವೆಯಲ್ಲಿ ಬಡಿಯುತ್ತಲೇ ಇತ್ತು. ಅದಕ್ಕೆ ಸಕ್ಕರೆ ನೀರು ಉಣಿಸಿದೆವು. ಆ ಸಕ್ಕರೆಯಲ್ಲಿದ್ದದ್ದು ಮಾಮೂಲಿಗಿಂತ ಚೂರು ಹೆಚ್ಚು ತೂಕದ ಇಂಗಾಲ. ಬೇರೆಯವರ ಹಿಂಡಿಗೆ ಸೇರಿದ ನಮ್ಮ ಕುರಿಗಳನ್ನು ಬೆನ್ನಿಗೆ ಹಚ್ಚಿದ ಕೆಮ್ಮಣ್ಣಿನ ಗುರುತು ನೋಡಿ ಹಿಡಿದು ತರುತ್ತಿದ್ದೆವಲ್ಲ, ಹಾಗೆಯೇ ಈ ಇಂಗಾಲ ಹೃದಯದೊಳಗೆ ಎಲ್ಲಿ ಹೋಯಿತು, ಏನಾಯಿತು ಎಂದು ಆ ಅಯಸ್ಕಾಂತದ ಯಂತ್ರ ತೋರಿಸುತ್ತದೆ. ಪರದೆಯ ಮೇಲೆ ಗೆರೆ ಮುಳ್ಳುಮುಳ್ಳಾಗಿ ಎದ್ದಿತು. ಗಟ್ಟಿ ಹೃದಯ ಸಕ್ಕರೆಯನ್ನು ಪೂರ್ತಿ ಉರಿಸಿ ಶಕ್ತಿ ಮಾಡಿಕೊಂಡಿತು. ರೋಗದಿಂದ ಸೋತ ಇನ್ನೊಂದು ಇಲಿಯ ಹೃದಯ ಅರ್ಧ ಉರಿಸಿ ಬಿಟ್ಟುಬಿಟ್ಟಿತು. ನಾನು ಕುಣಿದೇಬಿಟ್ಟೆ!

ಅದಕ್ಕೂ ಮೊದಲು ದೊಡ್ಡ ಫಜೀತಿ. ಮಹಾನವಮಿಗೆ ಊರಿನ ರೂಢಿಯಂತೆ ಆಯುಧ ಪೂಜೆ ಮಾಡೋಣವೆಂದು, ನಟ್ಟು ಬಿಚ್ಚುವ ಕಬ್ಬಿಣದ ಪಾನಾಕ್ಕೆ ಕುಂಕುಮ ಹಚ್ಚಿ ಅಯಸ್ಕಾಂತದ ಮುಂದೆ ಇಡಲು ಹೋದೆ. ಕೈಯಿಂದ ಹಾರಿ ಟಪ್ಪನೆ ಅಂಟಿತು! ಯಂತ್ರ ನೋಡಿಕೊಳ್ಳುವ ಗಂಗಾವತಿಯ ಯಮನೂರಸಾಬ ಓಡಿ ಬಂದರು.

“ಏ ತಂಗೀ, ನಿಮ್ಮ ದೇವ್ರು ನೈವೇದ್ಯ ಕೈಯಾಗಿಂದನ ಕಸಗೊಂಡಾನಲ್ಲ!”

“ನಗಬ್ಯಾಡ್ರಿ ಚಾಚಾ, ಸರ್ ಬರೂದ್ರಾಗ ಕೀಳ್ರಿ.”

“ಕೀಳಾಕ ನಾನೇನ ಪೈಲ್ವಾನನಾ? ಹಗ್ಗ ತಗೊಂಬಾ!”

ನಾಲ್ವರು ಜಗ್ಗಿದ ಮೇಲೆ ಬಂತು. ಯಂತ್ರವನ್ನು ಮತ್ತೆ ಹದಕ್ಕೆ ತರಲು ಎರಡು ವಾರ ಹೋಯಿತು. ನಮ್ಮ ಪ್ರಯೋಗಶಾಲೆಯ ಸರ್ ಈಗಲೂ ನನ್ನನ್ನು ‘ಪೂಜಾರಮ್ಮ’ ಎನ್ನುತ್ತಾರೆ.

ಅಕ್ಕಾ, ಇಲಿಯ ಹೃದಯ ನೋಡಿ ನಿನ್ನದಕ್ಕೆ ತೀರ್ಪು ಹೇಳಲಾರೆ. ನೀನು ಕಳಿಸಿದ ಎಕೋ ವರದಿಯನ್ನು ಇಲ್ಲಿನ ಹೃದಯದ ಡಾಕ್ಟರಮ್ಮನಿಗೆ ತೋರಿಸಿದೆ. ಇನ್ನೊಂದು ಬಸಿರಾದರೆ ನಿನ್ನ ಜೀವಕ್ಕೇ ಅಪಾಯ ಎಂದರು. ಬೇಡಕ್ಕಾ. ಗುಳಿಗೆ ತಪ್ಪಿಸಬೇಡ.

ನಿನ್ನ ಮಗಳ ಕೆನ್ನೆಗೆ ನನ್ನದೊಂದು ಮುತ್ತು. ಹುಲಿಗೆಮ್ಮ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ಸಹನಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಯಲಬುರ್ಗಾಕ್ಕೆ ಫೋನ್ ಮಾಡಿ ಡಾಕ್ಟರಮ್ಮನ ಮಾತನ್ನು ನಿಮ್ಮ ಅತ್ತೆಗೆ ಹೇಳಿದೆ. “ಹಂಗಾರ ನಮ್ಮ ವಿರುಪಣ್ಣಗ ಬ್ಯಾರೆ ಲಗ್ನ ಮಾಡ್ತೀವಿ” ಎಂದರು. “ವಿರುಪಣ್ಣ ಮಾವಗ ಫೋನ್ ಕೊಡ್ರಿ” ಎಂದೆ. ನಿನ್ನ ಗಂಡ ಪಕ್ಕದಲ್ಲೇ ಇದ್ದರು, ಫೋನ್ ತೆಗೆದುಕೊಂಡರು.

“ಅವ್ವ ಹೇಳ್ಯಾಳಲ್ಲವಾ” ಎಂದರು.