ತುಂಬಿದ ಟ್ಯಾಂಕಿಗೆ ಟ್ಯಾಂಕರ್ ನೀರು

ಮನೆಯಿಂದ,
ಜೂನ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಂಪು ಪಂಡಿತರೇ,

ಕ್ಷೇಮವೇ? ಬೆನ್ನುನೋವು ಹೇಗಿದೆ? ತಾರಸಿಯ ಬಿಸಿಲಿನಲ್ಲಿ ಟೋಪಿ ಹಾಕಿಕೊಂಡೇ ಮೋಟಾರು ಜೋಡಿಸುತ್ತಿದ್ದೀರಿ ತಾನೇ? ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ಮೊಮ್ಮಗು ಯಾವಾಗ ಎಂದು ದಿನವೂ ಕೇಳುವಷ್ಟು ಉಸಿರು ಧಾರಾಳವಾಗಿದೆ. ಫೋನಿರುವಾಗ ಪತ್ರ ಯಾಕೆ ಎನ್ನಬೇಡಿ. ಈ ವಿಷಯ ಎತ್ತಿದೊಡನೆ ನಿಮ್ಮ ಫೋನಿಗೆ ಸಿಗ್ನಲ್ ಹೋಗುತ್ತದೆ. ಪತ್ರಕ್ಕೆ ಆ ಸೌಕರ್ಯವಿಲ್ಲ.

ಹೋದ ವಾರ ಫೋನಿನಲ್ಲಿ ನೀವು, ಮಗುವಾಗಲಿ ಎಂದು ನಾಲ್ಕೈದು ತಿಂಗಳಿಂದ ಕೆಲಸದ ಊರಿನ ಜಿಮ್ ಪೈಲ್ವಾನರಿಂದ ಗಂಡಸರ ಹಾರ್ಮೋನಿನ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದೇನೆ, ತೋಳು ನೋಡಬೇಕು ನೀನು ಎಂದು ಕೊಚ್ಚಿಕೊಂಡಿರಲ್ಲ, ನಾನು ಸುಮ್ಮನೆ ಹೂಂಗುಟ್ಟಿ, ಮರುದಿನವೇ ನಮ್ಮ ಡಾಕ್ಟರಮ್ಮನ ಎದುರು ಹೋಗಿ ಕೂತೆ. ಅವರು ಹೇಳಿದ್ದನ್ನು ಕೇಳಿ, ಮದುವೆಯಾಗಿ ಆರು ವರ್ಷದ ಮೇಲೆ, ನಿಮ್ಮ ಮೇಲಲ್ಲದಿದ್ದರೂ ನಿಮ್ಮೊಳಗಿನ ವ್ಯವಸ್ಥೆಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿಯಂತೆ. ಅದು ರಕ್ತದ ಮೂಲಕ ಹೇಳಿ ಕಳಿಸುತ್ತದೆ. ಕೆಳಗೆ ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ, ವೀರ್ಯಾಣುಗಳನ್ನೂ ಬೆಳೆಸುತ್ತವೆ. ಹರೆಯದಲ್ಲಿ ನಿಮ್ಮ ದನಿ ಒಡೆದು, ಗಡ್ಡ ಮೂಡಿಸಿ, ಎಲುಬು ಗಟ್ಟಿಮಾಡಿ, ರಕ್ತಕ್ಕೆ ಕೆಂಪು ತುಂಬಿದ್ದು ಈ ಟೆಸ್ಟೋಸ್ಟೆರಾನೇ. ನಿಮ್ಮ ತಲೆ ಬೋಳಾಗುತ್ತಿರುವುದು ಅದರ ದಾಯಾದಿಯೊಬ್ಬನ ಕೈವಾಡ. ಒಂದೇ ಮನೆತನ, ಗಲ್ಲದಲ್ಲಿ ಬೆಳೆ, ನೆತ್ತಿಯಲ್ಲಿ ಬರ. ಹೆಂಗಸರಲ್ಲೂ ಇದು ಚೂರು ಇರುತ್ತದಂತೆ. ನಿಮ್ಮ ಅಮ್ಮನಲ್ಲಿ ಎಷ್ಟಿರಬಹುದೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಇಷ್ಟು ಅಧಿಕಾರವಿದ್ದರೂ ಅದು ಅಳತೆ ಮೀರುವುದಿಲ್ಲ. ರಕ್ತದಲ್ಲಿ ಸಾಕಷ್ಟಾಯಿತೋ, ಮೆದುಳು ಹೇಳಿ ಕಳಿಸುವುದನ್ನು ತಗ್ಗಿಸುತ್ತದೆ. ಇಳಿಯಿತೋ, ಮತ್ತೆ ಹೇಳಿ ಕಳಿಸುತ್ತದೆ. ನೀವು ಟ್ಯಾಂಕುಗಳಿಗೆ ಕೂರಿಸುವ ಆಟೊಮ್ಯಾಟಿಕ್ ಸ್ವಿಚ್ಚೇ ಸರಿ. ಸಾಕು ಎಂದು ತಾನಾಗಿ ಕೈ ಹಿಂತೆಗೆದ ಅಧಿಕಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಚುಚ್ಚುಮದ್ದಿನ ಸುದ್ದಿ ಹೇಳಿದಾಗ ಮಾತ್ರ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಮ್ಮವರಿಗೆ ಏನು ಕೆಲಸ ಎಂದು ಕೇಳಿದರು. ಹೇಳಿದೆ. "ಪಂಪ್ ಮೆಕ್ಯಾನಿಕ್ಕಾ? ಹಾಗಾದ್ರೆ ಅವರನ್ನೇ ಕೇಳಮ್ಮ. ಹೊರಗಿಂದ ಟ್ಯಾಂಕರ್ ನೀರು ತಂದು ಸುರೀತಾನೇ ಇದ್ರೆ ಮೋಟಾರ್ ಯಾಕೆ ಓಡುತ್ತೆ? ಮೋಟಾರ್ ನಿಂತ್ರೆ, ಅದೇ ಪೈಪಿಂದ ನೀರು ಕುಡೀತಿದ್ದ ತೋಟ ಏನಾಗ್ಬೇಕು?"

ತೋಟವೆಂದರೆ ವೀರ್ಯಾಣು. ಅದಕ್ಕೆ ಬೇಕಾದ ಹಾರ್ಮೋನು ವೃಷಣದೊಳಗೇ ಹುಟ್ಟಬೇಕಂತೆ. ಹೊರಗಿಂದ ಚುಚ್ಚಿದ್ದು ಅಲ್ಲಿಗೆ ಸಾಲದು. ಕಂಡವರ ಮೋಟಾರನ್ನೆಲ್ಲ ಓಡಿಸುವ ಮಹಾನುಭಾವರು ಸ್ವಂತದ್ದಕ್ಕೆ ಪೈಲ್ವಾನನನ್ನು ನಂಬಿದಿರಲ್ಲ! ನಗು ಬಂತು. ಆಮೇಲೆ, ರಕ್ತ ಪರೀಕ್ಷೆಗೂ ಹೆದರಿ ನನ್ನ ಕೈ ಹಿಡಿದುಕೊಂಡು ಕೂರುವವರು ಮಗುವಿನ ಆಸೆಗೆ ವಾರವಾರವೂ ಒಬ್ಬರೇ ಹೋಗಿ ಸೂಜಿಗೆ ಮೈಯೊಡ್ಡಿದ್ದು ನೆನೆದು, ನಗು ಅಲ್ಲಿಗೇ ನಿಂತಿತು.

ಅಮ್ಮನ ಆಶೀರ್ವಾದ ಒಂದು ಸೇರು, ನನ್ನ ಬೈಗುಳ ಒಂದು ಪಾವು. ಉಳಿದದ್ದು ಅಳತೆಗೆ ಸಿಗುವುದಿಲ್ಲ.

ನಿಮ್ಮವಳು

ತಾ.ಕ.: ಹೋದ ತಿಂಗಳು ರಜೆಗೆ ಬಂದಾಗ ನೀವು ಲ್ಯಾಬಿನಲ್ಲಿ ಕೊಟ್ಟುಹೋದ ವೀರ್ಯ ಪರೀಕ್ಷೆಯ ಫಲಿತಾಂಶ ಬಂದಿದೆ. ಹೆಚ್ಚುಕಡಿಮೆ ಸೊನ್ನೆ. ಹೆದರಬೇಡಿ, ಚುಚ್ಚುಮದ್ದು ಬಿಟ್ಟರೆ ಹೆಚ್ಚಿನವರಿಗೆ ಮರಳಿ ಬರುತ್ತದಂತೆ, ತಿಂಗಳುಗಳೇ ಹಿಡಿಯಬಹುದು, ಕೆಲವರಿಗೆ ಔಷಧಿಯೂ ಬೇಕಾದೀತು. ಇನ್ನು ಮೇಲೆ ಬುಧವಾರದ ಸೂಜಿಗೆ ಹೋಗಬೇಡಿ. ನಿಮ್ಮನ್ನು ಕರೆದುಕೊಂಡು ಬಾ ಎಂದಿದ್ದಾರೆ ಡಾಕ್ಟರಮ್ಮ. ಅಮ್ಮನಿಗೆ ಏನೂ ಹೇಳಿಲ್ಲ. ಇಷ್ಟು ವರ್ಷ ಅವರು ನನ್ನನ್ನೇ ಕೇಳಿದ್ದಾರೆ, ಇನ್ನೂ ಸ್ವಲ್ಪ ದಿನ ನನ್ನನ್ನೇ ಕೇಳಲಿ. ನೀವು ಬನ್ನಿ.