ಎರಡು ಕ್ಯಾನು ನೀರು

ತಾವ್‌ಯುವಾನ್,
ಏಪ್ರಿಲ್ 14, 1998

ಪ್ರೀತಿಯ ತಂಗಿ ಪಾವ್‌ಚುಗೆ,

ಹೇಗಿದ್ದೀಯೇ? ಸೊಂಟದ ಎಡಗಡೆ ನೋವು ಅಂತ ಹೊಸ ವರ್ಷಕ್ಕೆ ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ನಿನ್ನ ಗಂಡ ದಿನಾ ಬೆನ್ನಿಗೆ ಔಷಧಿ ಪಟ್ಟಿ ಅಂಟಿಸಿಕೊಡುತ್ತಾನೆಂದು ಓದಿ ನಗು ಬಂತು. ಮದುವೆಯ ದಿನ ನಿನ್ನ ಮುಖ ನೋಡುವುದಕ್ಕೂ ನಾಚುತ್ತಿದ್ದ ಪುಣ್ಯಾತ್ಮ! ನಿನ್ನ ಅತ್ತೆ ಈ ವಯಸ್ಸಿನಲ್ಲೂ ಗಟ್ಟಿಯಾಗಿದ್ದಾರಂತೆ. ಇರಲಿ ಬಿಡು.

ಹೋದ ವಾರ ಹಿರಿಯರ ಹಬ್ಬಕ್ಕೆ ಅಮ್ಮನ ಸಮಾಧಿಯ ಹುಲ್ಲು ಕಿತ್ತು, ಗುಡಿಸಿ, ಕಿತ್ತಳೆಹಣ್ಣು ಇಟ್ಟು ಬಂದೆ. ಈ ಸಲವೂ ನೀನು ಬರಲಿಲ್ಲ. ನನ್ನ ಸೊಸೆ ಬಸುರಿ, ಬಸುರಿಯರ ಎದುರು ನೀನು ನಿಲ್ಲುವುದಿಲ್ಲ, ನನಗೆ ಗೊತ್ತು. ಕತ್ತರಿ ಮುಟ್ಟಿ ಇಪ್ಪತ್ತಮೂರು ವರ್ಷವಾಯಿತು, ದಾರವನ್ನೂ ಹಲ್ಲಿನಲ್ಲೇ ಕಡಿಯುತ್ತೀಯ ಎಂದು ನಿನ್ನ ಗಂಡ ಒಮ್ಮೆ ಫೋನಿನಲ್ಲಿ ಅತ್ತಿದ್ದ. ಅಂದು ನಿನ್ನ ಹೊಟ್ಟೆಯಲ್ಲಿದ್ದ ಮಗುವಿಗೆ ಅಂಗಿ ಹೊಲಿಯಬೇಕೆಂದು ಹಾಸಿಗೆಯ ಮೇಲೆ ಕೂತು ಬಟ್ಟೆ ಕತ್ತರಿಸಿದೆ, ನೀನು ಮಾಡಿದ್ದು ಅಷ್ಟೇ. ಮಗು ಎದೆಯಲ್ಲಿ ತೂತಿಟ್ಟುಕೊಂಡು ಹುಟ್ಟಿತು. ಇಪ್ಪತ್ತಾರು ದಿನ ಇತ್ತು. ತಿಂಗಳು ತುಂಬಿದ ದಿನ ಕೆಂಪು ಬಣ್ಣ ಹಾಕಿ ಹಂಚಬೇಕೆಂದು ತಂದಿದ್ದ ಮೊಟ್ಟೆಗಳು ಬುಟ್ಟಿಯಲ್ಲೇ ಉಳಿದವು. "ಬಸುರಿ ಹೆಂಗ್ಸು ಹಾಸ್ಗೆ ಮೇಲೆ ಕತ್ರಿ ಆಡ್ಸಿದ್ರೆ ಹೊಟ್ಟೇಲಿರೋ ಕೂಸಿಗೇ ತಾಗುತ್ತೆ ಅಂತ ಗೊತ್ತಿರ್ಲಿಲ್ವೇನೇ ನಿಂಗೆ? ತಿಂದುಬಿಟ್ಯಲ್ಲೇ ನನ್ ಮೊಮ್ಮಗನ್ನ!" ಎಂದು ನಿನ್ನ ಅತ್ತೆ ಕೂಗಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ನೀನು ನಂಬಿದೆ. ನಾನೂ ನಂಬಿದ್ದೆ.

ಈಗ ಇಲ್ಲಿಯ ಸುದ್ದಿ. ಭಾನುವಾರ ಗುಡಿಯ ಹಿಂದಿನ ಚಾವಡಿಯಲ್ಲಿ ನಮ್ಮ ರೇಡಿಯೋ ಕಾರ್ಖಾನೆಯ ಹಳೇ ಹೆಂಗಸರು ಹತ್ತೊಂಬತ್ತು ಜನ ಸೇರಿದ್ದೆವು. ಅದರಲ್ಲಿ ಏಳು ಜನಕ್ಕೆ ಕ್ಯಾನ್ಸರ್. ನನ್ನದೊಂದು ಮೂತ್ರಪಿಂಡ ತೆಗೆದದ್ದು ನಿನಗೆ ಬರೆದಿದ್ದೆ. ಅದು ಕಲ್ಲಿಗಾಗಿ ಅಂದಿದ್ದು ಸುಳ್ಳು, ಕ್ಷಮಿಸು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಬಂದು ವಿವರಿಸಿದಳು. ಬಿಡಿಭಾಗಗಳ ಜಿಡ್ಡು ತೆಗೆಯಲು ನಾವು ಬರಿಗೈಯಲ್ಲಿ ಅದ್ದುತ್ತಿದ್ದ, ಸಿಹಿ ವಾಸನೆಯ ಆ ದ್ರಾವಣ ಇತ್ತಲ್ಲ, ಮಿಕ್ಕಿದ್ದನ್ನು ನಮ್ಮ ಕಾರ್ಖಾನೆ ಹಾಸ್ಟೆಲಿನ ಹಿಂದಿನ ಗುಂಡಿಗೆ ಸುರಿಯುತ್ತಿದ್ದರಂತೆ. ಅದು ಮಣ್ಣಿನಲ್ಲಿ ಇಳಿದು ಕಾರ್ಖಾನೆಯ ಬಾವಿಗೆ ಸೇರಿದೆ. ನಾವು ಕುಡಿದದ್ದು, ಅನ್ನ ಮಾಡಿದ್ದು, ಸ್ನಾನ ಮಾಡಿದ್ದು ಎಲ್ಲ ಆ ಬಾವಿಯ ನೀರಿನಲ್ಲೇ.

ಪರದೇಶದ ಸಾಹೇಬರು ಮಾತ್ರ ತೈಪೆಯಿಂದ ಬಾಟಲಿ ನೀರು ತರಿಸುತ್ತಿದ್ದರು. ಕಾಗದದ ಹೊಟ್ಟೆಯವರು ಎಂದು ನಾವು ಬಿದ್ದುಬಿದ್ದು ನಗುತ್ತಿದ್ದೆವು. ಕೂದಲೆಲ್ಲ ಉದುರಿದ ನಮ್ಮ ಚುನ್‌ಮೇಯ್ ಭಾನುವಾರ ಆ ಮಾತು ತೆಗೆದಳು. "ನಗ್ರೇ, ಈಗ್ಲೂ ನಗ್ರೇ! ಗಟ್ಟಿ ಹೊಟ್ಟೆಯೋರೆಲ್ಲ ಇಲ್ಲೇ ಕೂತಿದೀವಲ್ಲ!" ಅಂದಳು. ಯಾರೂ ನಗಲಿಲ್ಲ. ಕಾರ್ಖಾನೆ ಮುಚ್ಚಿ ಆರು ವರ್ಷವಾಗಿದೆ. ಕೇಳೋಣವೆಂದರೆ ಗೇಟಿನಲ್ಲಿ ಕಾವಲುಗಾರ ಕೂಡ ಇಲ್ಲ. ನನಗೆ ಯಾವ ಆಸೆಯೂ ಉಳಿದಿಲ್ಲ, ಪಾವ್‌ಚು. ಡಾಕ್ಟರಮ್ಮ ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಹಳೇ ಸೈಕಲ್ಲೇ ಕಣ್ಣ ಮುಂದಿತ್ತು.

ನಿನ್ನ ಗಂಡನಿಗೆ ನನ್ನ ನೆನಪು ಹೇಳು. ಅಮ್ಮ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ ಅಕ್ಕ
ಶ್ಯೂಲ್ಯೆನ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಕತ್ತರಿಯಿಂದ ಏನೂ ಆಗಲಿಲ್ಲ ಕಣೇ. ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. ಬಸುರಿಯರು ಆ ನೀರು ಕುಡಿದರೆ ಮಗುವಿನ ಹೃದಯಕ್ಕೆ ಪೆಟ್ಟಾಗಬಹುದಂತೆ. ನಿನ್ನ ಮಗುವಿಗೆ ಅದರಿಂದಲೇ ಆಯಿತೆಂದು ಖಂಡಿತ ಹೇಳಲಾರೆ, ಆದರೆ ಕತ್ತರಿಯಿಂದ ಅಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ ಅಂದಳು. ಊರ ನಲ್ಲಿಯ ನೀರು ವಾಸನೆ, ಕಾರ್ಖಾನೆಯ ಬಾವಿಯದು ತಣ್ಣಗೆ ಸಿಹಿಯಾಗಿದೆ ಎಂದು ಒಂಬತ್ತು ತಿಂಗಳೂ ಸೈಕಲ್ಲಿನಲ್ಲಿ ದಿನಾ ಎರಡೆರಡು ಕ್ಯಾನು ಹೊತ್ತು ತಂದವಳು ನಾನು. ನೀನು ಬೇಡವೆಂದರೂ ಕುಡಿಸಿದೆ. ಹಸಿ ನೀರು ಕೊಡಬಾರದೆಂದು, ನಿನಗೆ ಗಾಳಿ ತಾಗಬಾರದೆಂದು ಬಾಗಿಲು ಹಾಕಿಕೊಂಡು ಕುದಿಸಿದೆ. ಕುದಿಸಿದರೆ ಅದು ಹಬೆಯಾಗಿ ಏಳುತ್ತದಂತೆ, ಪಕ್ಕದಲ್ಲಿ ಕೂತು ನೀನು ಅದನ್ನೂ ಉಸಿರಾಡಿದೆ. ಇದನ್ನು ನಿನ್ನ ಅತ್ತೆಗೆ ಓದಿ ಹೇಳು. ನನ್ನ ಮುಖ ಇನ್ನು ನೋಡಬೇಡ, ಬೇಕಿಲ್ಲ. ಆದರೆ ಆ ಪಟ್ಟಿ ಕಿತ್ತುಹಾಕಿ ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗು. ನನಗೂ ಸೊಂಟದ ಎಡಗಡೆಯೇ ಶುರುವಾಗಿದ್ದು.