ಒಂದು ಬೆರಳಿನ ಸಡಿಲ

ಅಂಗಡಿಯ ಹಿಂದಿನ ಕೋಣೆಯಿಂದ,
ಹನ್ನೆರಡನೇ ತಾರೀಖು, ಬುಧವಾರ, ಮಧ್ಯಾಹ್ನ

ಪ್ರೀತಿಯ ಸೂಜಿಗೆ, ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ನಿಂತಿತೇ? ಹೋದ ವಾರ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಬಿಸಿನೀರು ಕುಡಿ ಎಂದರೆ "ಹೂಂ ಅಜ್ಜಿ" ಎನ್ನುತ್ತೀಯ. ಆ ಹೂಂ ಎಷ್ಟು ಗಟ್ಟಿಯೆಂದು ನಿನ್ನನ್ನು ಎತ್ತಿ ಆಡಿಸಿದವಳಿಗೆ ಗೊತ್ತಿಲ್ಲವೇ. ಊಟ ಹೊತ್ತಿಗೆ ಸರಿಯಾಗಿ ಮಾಡು. ಹುಟ್ಟಿದಾಗ ಸೂಜಿಯ ಹಾಗಿದ್ದೆ ಎಂದು ಆ ಹೆಸರಿಟ್ಟೆ, ಹಾಗೇ ಉಳಿಯಬೇಕೆಂದಲ್ಲ. ಇಲ್ಲಿ ನಿನ್ನಮ್ಮ ಚೆನ್ನಾಗಿದ್ದಾಳೆ. ಅಂಗಡಿಯಲ್ಲಿ ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು, ಬಂದವರಿಗೆಲ್ಲ ನನ್ನ ಬಾಯಿಯ ವಿಷಯ ಹೇಳುವುದು, ಮೂರನ್ನೂ ಒಟ್ಟಿಗೆ ಮಾಡುತ್ತಾಳೆ. ನಿನ್ನಪ್ಪನೂ ಚೆನ್ನಾಗಿದ್ದಾನೆ, ಮಾತು ಮಾತ್ರ ಕಡಿಮೆಯಾಗಿದೆ. ಮೊದಲೇನು ಬಹಳ ಇತ್ತೆಂದಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ವಿಷಯ ಇದ್ದಲ್ಲೇ ಇರುತ್ತದೆ. ಅಲ್ಲದೆ ನಿನ್ನ ಕಾರ್ಖಾನೆಯ ಮೇಡಂಗೆ ತೋರಿಸಲು ಬಾಯಿಮಾತು ಸಾಲದು, ಕಾಗದ ಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದು. ಒತ್ತಕ್ಷರ ಬಿಟ್ಟಿದ್ದರೆ ನೀನೇ ಹಾಕಿಕೊಂಡು ಓದು. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನನ್ನ ಕಾಲುಚೀಲದ ಅಳತೆ ತಪ್ಪಿದೆಯೆಂದು ಇಲ್ಲಿನ ಆಸ್ಪತ್ರೆಯಿಂದ ನಿಮ್ಮ ಕಾರ್ಖಾನೆಗೆ ದೂರು ಹೋಗಿದೆ, ಅಳತೆ ತೆಗೆದವಳೆಂದು ನಿನ್ನ ಹೆಸರಿದೆ, ಮೇಡಂ ಅದನ್ನು ನಿನ್ನ ಮುಂದಿಟ್ಟು "ನಿನ್ನ ಸ್ವಂತ ಅಜ್ಜಿ ಕಾಲನ್ನೇ ಸರಿಯಾಗಿ ಅಳೆಯೋಕಾಗಲಿಲ್ವಾ" ಎಂದರು, ನಿನ್ನ ಕೈಯ ಮೇಲೆ ನಿನಗೇ ನಂಬಿಕೆ ಹೋಗಿದೆ, ತಿಂಗಳ ಕೊನೆಗೆ ಕೆಲಸ ಬಿಟ್ಟು ಬಂದು ಅಪ್ಪನ ಪಕ್ಕದ ಮಿಷಿನ್ನಿಗೆ ಕೂರುತ್ತೇನೆ ಎಂದು ಬರೆದಿದ್ದೀಯ. ತಿಂಗಳು ಮುಗಿಯಲು ಇನ್ನು ಹದಿನೆಂಟು ದಿನ ಇದೆ. ಅಷ್ಟರೊಳಗೆ ಈ ಕಾಗದ ಓದು, ಆಮೇಲೆ ಏನು ಬಿಡಬೇಕೋ ಬಿಡು.

ನನ್ನ ಕಾಲಿನ ಕಥೆ ನಿನಗೆ ಗೊತ್ತಿದ್ದದ್ದೇ, ಆದರೆ ಮೇಡಂಗೆ ಗೊತ್ತಿರಲಾರದು, ಅದಕ್ಕೆ ಬರೆಯುತ್ತೇನೆ. ನಲವತ್ತು ವರ್ಷ ಕಟಿಂಗ್ ಮೇಜಿನ ಮುಂದೆ ನಿಂತವಳು ನಾನು. ಕೆಳಗಿಳಿದ ರಕ್ತ ಮೇಲೆ ಹತ್ತುವುದನ್ನು ಮರೆತಿದೆ ಎಂದರು ಡಾಕ್ಟರು. ಎಡಗಾಲಿನ ಕಣಕಾಲಿನ ಒಳಬದಿಗೆ ಮೊದಲು ಚರ್ಮ ಕಂದಿತು, ಆಮೇಲೆ ತುರಿಕೆ, ಆಮೇಲೆ ಹುಣ್ಣು. ಅಂಗಿಯ ಗುಂಡಿಯಷ್ಟಿತ್ತು. ಆಸ್ಪತ್ರೆಯಲ್ಲಿ ಪೆನ್ನಿನಂಥದ್ದೊಂದನ್ನು ಪಾದದ ಮೇಲಿಟ್ಟು ರಕ್ತದ ಸದ್ದು ಕೇಳಿದರು. ಯಾರೋ ದೂರದಲ್ಲಿ ಕಸ ಗುಡಿಸಿದ ಹಾಗೆ ಕೇಳಿಸಿತು. ಕೆಳಗೆ ಬರುವ ದಾರಿ ಚೆನ್ನಾಗಿದೆ, ಬಿಗಿ ಕಟ್ಟಬಹುದು ಎಂದರು. ಅರ್ಧ ಗಂಟೆ ಕಾಲಿಗೆ ಗಾಳಿಚೀಲ ಸುತ್ತಿ ಮಿಷಿನ್ ಹಚ್ಚುತ್ತಿದ್ದರು. ಅದು ಪಾದದಿಂದ ಉಬ್ಬುತ್ತಾ ಉಬ್ಬುತ್ತಾ ಮೊಣಕಾಲಿನವರೆಗೆ ಹೋಗಿ ಉಸ್ಸೆಂದು ಬಿಡುತ್ತಿತ್ತು. ನಿನ್ನ ತಾತ ಇದ್ದಾಗಲೂ ನನ್ನ ಕಾಲನ್ನು ಯಾರೂ ಅಷ್ಟು ಹೊತ್ತು ಒತ್ತಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ದಿನವಿಡೀ ಹಾಕಿಕೊಳ್ಳಲು ಬಿಗಿ ಕಾಲುಚೀಲ ಬೇಕು ಎಂದರು. ನಮ್ಮ ಮೊಮ್ಮಗಳು ಅದನ್ನೇ ಮಾಡುವುದು ಎಂದು ನಾನು ಆ ವಾರ್ಡಿನಲ್ಲಿದ್ದ ಹನ್ನೊಂದು ಜನರಿಗೂ ಹೇಳಿದೆ. ಕೇಳಿಸದವರಿಗೆ ಎರಡು ಸಲ ಹೇಳಿದೆ.

ನೀನು ರಜೆಗೆ ಬಂದು ಅಳತೆ ತೆಗೆದದ್ದು ನೆನಪಿದೆಯಲ್ಲ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುಂಚೆಯೇ ಬಂದು ನಿಂತೆ. ಕಾಲು ಊದುವ ಮೊದಲೇ ಅಳೆಯಬೇಕು ಎಂದೆ. ಹಾಸಿಗೆಯಲ್ಲೇ ಕೂರಿಸಿ ಪೆನ್ನಿನಿಂದ ಕಾಲಿನ ಮೇಲೆ ಏಳೆಂಟು ಗೆರೆ ಎಳೆದೆ, ಒಂದೊಂದು ಗೆರೆಗೂ ಟೇಪು ಸುತ್ತಿ ಕಾರ್ಡಿನಲ್ಲಿ ಬರೆದುಕೊಂಡೆ. ಸ್ನಾನ ಮಾಡಿದರೂ ಆ ಗೆರೆ ಎರಡು ದಿನ ಹೋಗಲಿಲ್ಲ. ನಿನ್ನಪ್ಪ ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತು ನೋಡುತ್ತಿದ್ದ. "ಟೇಪು ಹಾಗೆ ಎಳೀತಾರಾ? ಒಂದು ಬೆರಳು ಸಡಿಲ ಬಿಡಬೇಕು ಕಣೇ, ಮನುಷ್ಯರು ಉಸಿರಾಡ್ತಾರೆ" ಎಂದ. ನೀನು ತಲೆ ಎತ್ತದೆ "ಕಾಲು ಉಸಿರಾಡಲ್ಲ ಅಪ್ಪ" ಎಂದೆ. ಅಷ್ಟಕ್ಕೇ ಅವನು ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಹೋದ. ಅವನ ಅಪ್ಪ ಅವನಿಗೆ ಕಲಿಸಿದ್ದೂ, ಅವನು ನಿನಗೆ ಚಿಕ್ಕವಳಿದ್ದಾಗ ಕಲಿಸಿದ್ದೂ ಅದೊಂದೇ ಪಾಠ. ತೋಳಾಗಲಿ ಸೊಂಟವಾಗಲಿ, ಟೇಪಿನೊಳಗೆ ಒಂದು ಬೆರಳು ಆಡಬೇಕು. ಮೂರು ತಲೆಮಾರು ಆ ಬೆರಳಿನ ಮೇಲೆ ನಿಂತ ಮನೆ ಇದು. ಕಾಲುಚೀಲ ಮಾಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಎಂದು ಅವನು ಗೊಣಗುವುದನ್ನು ನೀನೂ ಕೇಳಿದ್ದೀಯ.

ಚೀಲ ಬಂತು. ಒಳ್ಳೆಯ ಕೆಲಸ, ಹಿಂದೆ ನೀಟಾಗಿ ಒಂದೇ ಹೊಲಿಗೆ. ಆದರೆ ಹಾಕಿಕೊಳ್ಳುವುದಿದೆಯಲ್ಲ, ಅದು ಕರುವಿಗೆ ಅಂಗಿ ತೊಡಿಸಿದ ಹಾಗೆ. ನಿನ್ನಮ್ಮ ರಬ್ಬರ್ ಕೈಗವಸು ಹಾಕಿಕೊಂಡು ಒಂದು ಕಡೆ ಎಳೆಯುತ್ತಿದ್ದಳು, ನಾನು ಮಂಚದ ಕಾಲು ಹಿಡಿದುಕೊಂಡು ಇನ್ನೊಂದು ಕಡೆ ಜಾರುತ್ತಿದ್ದೆ. "ಅತ್ತೆ, ಸ್ವಲ್ಪ ಕಾಲು ಸಡಿಲ ಬಿಡಿ" ಎನ್ನುತ್ತಿದ್ದಳು. "ಬಿಟ್ರೆ ನಿನ್ನ ಮೂಗಿಗೇ ಬೀಳುತ್ತೆ" ಎನ್ನುತ್ತಿದ್ದೆ. ಹಾಕಿದ ಮೇಲೂ ಕಣಕಾಲನ್ನು ಯಾರೋ ಮುಷ್ಟಿಯಲ್ಲಿ ಹಿಡಿದ ಹಾಗೆ. ಮೇಲೆ ಮೀನಖಂಡದ ಹತ್ತಿರ ಅಷ್ಟು ಬಿಗಿಯಿಲ್ಲ. ಹೊಲಿಗೆಯವರ ಕಣ್ಣಿಗೆ ಇದು ತಲೆಕೆಳಗಾದ ಬಟ್ಟೆ. ನಾನು ಬಿಗಿ ಎಂದೆ, ಅದು ನಿಜ. ಬಿಗಿ ಎಂದವಳು ನಾನು, ಕತ್ತರಿ ಹಿಡಿದವನು ನಿನ್ನಪ್ಪ. ಹಿಂದಿನ ಹೊಲಿಗೆ ಬಿಚ್ಚಿ, ಕಣಕಾಲಿನ ಹತ್ತಿರ ಅದೇ ಬಣ್ಣದ ಹಿಗ್ಗುವ ಬಟ್ಟೆಯ ಪಟ್ಟಿ ಸೇರಿಸಿ ಒಂದು ಬೆರಳು ಸಡಿಲ ಮಾಡಿದ. ಮೇಲೆ ಜೋಲಾಡಬಾರದೆಂದು ಮೊಣಕಾಲಿನ ಕೆಳಗೆ ಒಳಕ್ಕೆ ಹಿಡಿದು ಹೊಲಿದ. ಕಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಆರು ವಾರ ನಾನು ಅದನ್ನು ಹಾಕಿಕೊಂಡು ಸುಖವಾಗಿ ಓಡಾಡಿದೆ. ಅಂಗಿಯ ಗುಂಡಿಯಷ್ಟಿದ್ದ ಹುಣ್ಣು ಕೋಟಿನ ಗುಂಡಿಯಷ್ಟಾಯಿತು.

ಗಾಯ ಕಟ್ಟುವ ನರ್ಸಮ್ಮ ಮೂರು ಸಲ ನೋಡಿ ಮೂರು ಸಲವೂ ನನ್ನನ್ನೇ ಬೈದಳು. "ಹಾಕ್ಕೋತಿಲ್ಲ ನೀವು, ಮೂಲೆಯಲ್ಲಿ ಎಸೆದಿರ್ತೀರ" ಎಂದಳು. ನಾಲ್ಕನೆಯ ಸಲ ಚೀಲ ಕಳಚಿದಾಗ ಮೊಣಕಾಲಿನ ಕೆಳಗೆ ದಾರ ಕಟ್ಟಿದ ಹಾಗೆ ಗೆರೆ ಬಿದ್ದದ್ದನ್ನು, ಪಾದ ಹಿಟ್ಟಿನ ಮುದ್ದೆಯ ಹಾಗೆ ಊದಿದ್ದನ್ನು ನೋಡಿದಳು. ಚೀಲವನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದಳು. "ಅಯ್ಯೋ, ಕೆಳಗೆ ಅಗಲ, ಮೇಲೆ ಕಿರಿದು! ಉಲ್ಟಾ ಮಾಡಿ ಕಳಿಸಿದ್ದಾರೆ ಕಾರ್ಖಾನೆಯವರು. ಕೆಳಗೆ ಬಿಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲ, ಅದೇ ಅಲ್ವಾ ಇದರ ಔಷಧಿ? ಕೆಳಗಿಂದ ಹಿಂಡಿದ್ರೆ ತಾನೇ ರಕ್ತ ಮೇಲೆ ಹೋಗೋದು? ಇದು ಮೇಲೆ ಬಾಗಿಲು ಹಾಕಿ ಕೆಳಗೆ ಕೂಡಿಹಾಕಿದೆ" ಎಂದು ಅಲ್ಲೇ ಕೂತು ದೂರು ಬರೆದಳು. ನಿನ್ನಪ್ಪನ ಹೊಲಿಗೆ ಅವಳ ಕಣ್ಣಿಗೆ ಬೀಳಲಿಲ್ಲ. ಬೆರಳಲ್ಲಿ ಸವರಿ ನೋಡಿದಳು, ಆಗಲೂ ಸಿಗಲಿಲ್ಲ. ಅಷ್ಟು ಸಣ್ಣಗೆ ಹೊಲಿದಿದ್ದಾನೆ. ನಾನು ಎದುರಿಗೇ ಕೂತಿದ್ದೆ. ನನ್ನ ಬಾಯಿಗೆ ಬೀಗ ಬಿದ್ದದ್ದು ಅದೇ ಮೊದಲು ಎಂದು ನಿನ್ನಮ್ಮ ಹೇಳಿಯಾಳು. ಮನೆಯವರ ಕೆಲಸ ಎಂದು ಹತ್ತು ಜನರ ಮುಂದೆ ಹೇಗೆ ಹೇಳಲಿ ಎಂದುಕೊಂಡೆ. ದೂರು ನಿನ್ನ ತಲೆಯ ಮೇಲೆ ಬೀಳುತ್ತದೆ ಎಂದು ಹೊಳೆಯಲಿಲ್ಲ. ಕಾರ್ಖಾನೆ ಎಂದರೆ ನನಗೆ ಒಂದು ದೊಡ್ಡ ಗೋಡೆ. ಅದರ ಹಿಂದೆ ನೀನು ಕೂತಿದ್ದೀಯ ಎಂದು ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು.

ಆವತ್ತಿನಿಂದ ನರ್ಸಮ್ಮ ಚೀಲ ಬಿಡಿಸಿ ನಾಲ್ಕು ಸುತ್ತು ಬಿಗಿ ಪಟ್ಟಿ ಕಟ್ಟುತ್ತಿದ್ದಾಳೆ. ನಿನ್ನ ಚೀಲದಷ್ಟೇ ಬಿಗಿ, ನೋಡುವುದಕ್ಕೆ ಇನ್ನೂ ಅಸಹ್ಯ. ಮೊದಲ ಎರಡು ದಿನ ಹಲ್ಲು ಕಚ್ಚಿಕೊಂಡಿದ್ದೆ. ಈಗ ಹುಣ್ಣಿನ ಅಂಚು ಒಳಗೆ ಸರಿದಿದೆ, ನಡುವೆ ಕೆಂಪಗೆ ಹೊಸ ಮಾಂಸ ಕಾಣುತ್ತದೆ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಬೇಕಂತೆ, ಹೊಲಿಗೆ ಮಿಷಿನ್ ತುಳಿದ ಹಾಗೆ. ಬಟ್ಟೆಯಿಲ್ಲದೆ ದಿನಕ್ಕೆ ಮುನ್ನೂರು ಸಲ ತುಳಿಯುತ್ತೇನೆ. ಈ ಕಾಗದದ ಜೊತೆಗೆ ಆ ಚೀಲವನ್ನೂ ಕಳಿಸುತ್ತಿದ್ದೇನೆ. ಒಳಗಡೆ ತಿರುಗಿಸಿ, ಕಣಕಾಲಿನ ಹತ್ತಿರ ಬೆಳಕಿಗೆ ಹಿಡಿ. ಎರಡು ದಾರ ಕಾಣುತ್ತದೆ, ಕಾರ್ಖಾನೆಯದು ಹೊಳೆಯುತ್ತದೆ, ನಮ್ಮದು ಹೊಳೆಯುವುದಿಲ್ಲ. ಮೇಡಂಗೆ ಅದನ್ನು ತೋರಿಸು, ಜೊತೆಗೆ ಈ ಕಾಗದವನ್ನೂ. ನಿನ್ನ ಅಳತೆ ಸರಿಯಾಗಿತ್ತು. ಶುಕ್ರವಾರ ಪಟ್ಟಿ ಬದಲಿಸಲು ಹೋದಾಗ ನರ್ಸಮ್ಮನಿಗೂ ಹೇಳುತ್ತೇನೆ. ಬೈಯಲಿ.

ಕೆಮ್ಮಿಗೆ ಔಷಧಿ ತೆಗೆದುಕೋ. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ಆಶೀರ್ವಾದ ಹೇಳು, ಮೇಡಂಗೆ ನಮಸ್ಕಾರ ಹೇಳು. ನೂರು ವರ್ಷ ಬಾಳು, ಸ್ವಲ್ಪ ಮೈ ತುಂಬಿಕೊಂಡು ಬಾಳು.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ಮತ್ತೆ: ನಿನ್ನಮ್ಮ ಪಾರ್ಸೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆ ಕಚೇರಿ ಮುಚ್ಚುವ ಹೊತ್ತು, ಅದಕ್ಕೇ ಅಕ್ಷರ ಸೊಟ್ಟ. ನಿನ್ನಪ್ಪನ ಮೇಲೆ ಬರೆದದ್ದನ್ನು ಅವನಿಗೆ ತೋರಿಸದೆ ಕಳಿಸಬಾರದೆಂದು ಕಾಗದವನ್ನು ಅವನಿಗೆ ಕೊಟ್ಟೆ. ನಿಂತುಕೊಂಡೇ ಓದಿದ. "ಸರಿಯಾಗಿದೆ ಅಮ್ಮ, ಕಳಿಸು" ಎಂದು ಮಡಚಿ ಕೊಟ್ಟು ಹೋಗಿ ಮಿಷಿನ್ನಿಗೆ ಕೂತ. ಸರಿಯಾಗಿಲ್ಲ. ಅವನು ತಾನಾಗಿ ಕತ್ತರಿ ಹಿಡಿಯಲಿಲ್ಲ. ಎರಡು ದಿನ ಆಗುವುದಿಲ್ಲ ಎಂದ. "ಇದು ಬಟ್ಟೆಯಲ್ಲಮ್ಮ, ಔಷಧಿ. ಅವಳು ಓದಿ ಮಾಡಿರೋದು, ನಾನು ಕೈ ಹಾಕಲ್ಲ" ಎಂದ. ಮೂರನೆಯ ದಿನ ನಾನು, "ನಿನ್ನ ಮಗಳು ಅಳತೆ ತಪ್ಪಿದ್ದಾಳೆ, ನೀನು ಸರಿಮಾಡಿ ಕೊಡದಿದ್ರೆ ಇದನ್ನ ಹೀಗೇ ಆಸ್ಪತ್ರೆಗೆ ತಗೊಂಡು ಹೋಗಿ ಎಲ್ಲರಿಗೂ ತೋರಿಸ್ತೀನಿ" ಎಂದೆ. ಆಮೇಲೆ ಅವನು ಹೊಲಿಗೆ ಬಿಚ್ಚಿದ್ದು. ನಿನ್ನ ತಪ್ಪು ಯಾರ ಕಣ್ಣಿಗೂ ಬೀಳದಿರಲಿ ಎಂದೇ ಅಷ್ಟು ಸಣ್ಣಗೆ ಹೊಲಿದದ್ದು. ನಿನ್ನ ತಪ್ಪಿಲ್ಲವೆಂದು ನನಗೆ ಆಗಲೂ ಗೊತ್ತಿತ್ತು. ಬಿಗಿಯಾಗಿಯೇ ಇರುತ್ತದೆ ಅಜ್ಜಿ ಎಂದು ಹೋಗುವಾಗ ನೀನು ನನ್ನೊಬ್ಬಳಿಗೇ ಹೇಳಿ ಹೋಗಿದ್ದೆ. ನನಗೆ ಬಿಗಿ ಬೇಡವಾಗಿತ್ತು, ಅಷ್ಟೇ. ಮೇಡಂಗೆ ಈ ಕೊನೆಯ ಹಾಳೆಯನ್ನು ಮೊದಲು ತೋರಿಸು. ಕೆಲಸ ಬಿಡಬೇಡ. ನನಗೆ ಹೊಸ ಚೀಲ ನೀನೇ ಮಾಡಬೇಕು, ಬೇರೆಯವರ ಕೈಗೆ ಕೊಡಬೇಡ. ಅಳತೆ ಅದೇ ಇರಲಿ. ನಾನು ಫೋನು ಮಾಡಿ ಎಷ್ಟೇ ಗೋಳಾಡಿದರೂ ಒಂದು ನೂಲೂ ಸಡಿಲ ಬಿಡಬೇಡ.